ಮಾಯಿ ಶಿಂಗಾಯಿ ಮುಟ್ಟದ ಗುಪುರೊ

ಮಾಯಿ ಶಿಂಗಾಯಿ ಯಾರ ಮಾತಿಗೂ ಕೂಡಲೇ ಉತ್ತರ ಕೊಟ್ಟವಳಲ್ಲ. ಹೇಳಿದ್ದನ್ನು ಕೇಳಿಸಿಕೊಂಡು, ಕೈಯಲ್ಲಿದ್ದ ಸೊಪ್ಪನ್ನು ಕೊನೆಯ ಎಲೆಯವರೆಗೆ ಸೋಸಿ, ಸೊಂಟಕ್ಕೆ ಸುತ್ತಿದ ಬಟ್ಟೆಗೆ ಕೈ ಒರೆಸಿಕೊಂಡು, ಕೇಳಿದವರಿಗೆ ತಾವೇನು ಕೇಳಿದೆವೆಂಬುದೇ ಮರೆಯುವ ಹೊತ್ತಿಗೆ ಅವಳ ಉತ್ತರ ಬರುತ್ತಿತ್ತು. ಬಂದ ಮೇಲೆ ಅದನ್ನು ಅಲುಗಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಹರಾರೆಯ ಅಂಚಿನ ಬುದಿರಿರೊದಲ್ಲಿ ನಮ್ಮವು ಒತ್ತಾಗಿ ಕಟ್ಟಿದ ಮನೆಗಳು. ಬೇಲಿಯ ಆಚೆ ಅವಳು, ಈಚೆ ನಾನು. ಮಕ್ಕಳ ಹೆಸರಿನಿಂದಲೇ ಕರೆಯುವ ನಮ್ಮಲ್ಲಿ ಅವಳು ಶಿಂಗಾಯಿಯ ತಾಯಿ, ನಾನು ಫಾರಾಯಿಯ ತಾಯಿ, ಮಾಯಿ ಫಾರಾಯಿ. ನಡೆಯುವಾಗ ಒಂದು ಹೆಜ್ಜೆ ಊರಿ, ನೆಲ ತನ್ನನ್ನು ಒಪ್ಪಿಕೊಂಡಿತೇ ಎಂದು ವಿಚಾರಿಸಿಕೊಂಡು ಇನ್ನೊಂದನ್ನು ತರುವವಳಂತೆ ಬರುತ್ತಿದ್ದಳು. ಚಳಿಯಿರಲಿ ಬಿಸಿಲಿರಲಿ, ಮೈಮೇಲೆ ಗಂಡನ ಹಳೆಯ ಖಾಕಿ ಕೋಟು. ಬಿಸಾಡೆಂದು ಅವನೇ ಒಮ್ಮೆ ರೇಗಿದ್ದಕ್ಕೆ, "ಕೋಟಿನೊಳಗೆ ಇರೋಳು ನಾನು, ಸೆಖೆ ನಿಮಗ್ಯಾಕೆ?" ಅಂದಿದ್ದಳು.

ಆ ಗಂಡ, ಬಾಬಾ ಶಿಂಗಾಯಿ, ಬಿಸ್ಕತ್ತಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಕೆಟ್ಟವನೆನ್ನಲಾರೆ, ಮೆದು ಮಾತಿನವನು, ಬೂಟಿನ ಹೊಳಪಿನ ಬಗ್ಗೆ ಬಹಳ ಕಾಳಜಿಯವನು. ಕಿರಿಯ ಕೂಸು ಇನ್ನೂ ಮೊಲೆಹಾಲು ಕುಡಿಯುತ್ತಿದ್ದ ವರ್ಷ ಅವನ ಮನಸ್ಸು ಊರಿನ ಇನ್ನೊಂದು ತುದಿಯ ಒಬ್ಬಳ ಮನೆಗೆ ಹೋಗಿ ಅಲ್ಲೇ ಕೂತುಬಿಟ್ಟಿತು. ಎರಡನೆಯವಳಾಗಿ ಬರಲು ಅವಳು ಒಪ್ಪಲಿಲ್ಲ. ಹಾಗಾಗಿ ಇವಳು ಹೋಗಬೇಕಿತ್ತು.

ನಮ್ಮಲ್ಲಿ ಹೆಂಡತಿಯನ್ನು ಬಿಡುವವನು ಅವಳಿಗೆ ಗುಪುರೊ ಕೊಡುತ್ತಾನೆ. ಒಂದು ಚಿಕ್ಕ ನಾಣ್ಯ, ಅಷ್ಟೇ. ಅವಳು ಅದನ್ನು ಒಯ್ದು ತವರಿನವರ ಮುಂದಿಟ್ಟಳೆಂದರೆ ಮದುವೆ ಮುಗಿದಂತೆ. ವಧುವಿಗೆ ತೆರ ಎಂದು ದನ ಕೊಟ್ಟ ಗಂಡನ ಮನೆಯಲ್ಲೇ ಮಕ್ಕಳು ಉಳಿಯುತ್ತಾರೆ.

ತಾನೇ ಕೊಡುವ ಧೈರ್ಯವಿಲ್ಲದೆ ಅವನು ತನ್ನ ಅಕ್ಕ, ಮಕ್ಕಳ ಸೋದರತ್ತೆ ತೇತೆ ರುವಿಂಬೊಳನ್ನು ಕಳಿಸಿದ. ಬೆಳಿಗ್ಗೆ, ಅಡುಗೆಮನೆಯ ಹೊರಗೆ, ಮಾಯಿ ಶಿಂಗಾಯಿ ಚಾಪೆಯ ಮೇಲೆ ಕಾಲು ಚಾಚಿ ಕಡಲೆಕಾಯಿ ಸುಲಿಯುತ್ತಿದ್ದಳು. ತೇತೆ ನಾಣ್ಯ ನೀಡಿದಳು. ಇವಳು ಸುಲಿಯುತ್ತಲೇ ಇದ್ದಳು. ಚಾಚಿದ ಕೈ ನೋಯುವಷ್ಟು ಹೊತ್ತು ಕಾದು, ತಾಳ್ಮೆಗೆಟ್ಟು, ತೇತೆ ಅದನ್ನು ಇವಳ ಮಡಿಲಿಗೆ ಎಸೆದು, ಕೊಟ್ಟಾಯಿತು, ಗಂಟು ಕಟ್ಟು ಎಂದಳು.

ಕೈಯಲ್ಲಿದ್ದ ಕಾಯಿ ಸುಲಿದು ಮುಗಿಯಿತು. "ಕೊಡೋದು ಅಂದ್ರೆ ಕೈಗೆ ಕೊಡೋದು, ತೇತೆ. ಇದು ಬಿದ್ದಿದ್ದು. ಬೀಳಿಸಿದೋರೇ ಎತ್ಕೊಳ್ಳಿ."

ತೇತೆ ಮುಟ್ಟಲಿಲ್ಲ, ಹೊಸ್ತಿಲ ಮೇಲೆ ಬೆನ್ನು ತಿರುಗಿಸಿ ಕೂತಳು. ತೇತೆಯ ಏರುದನಿ ಕೇಳಿ ನಾನು ಬೇಲಿ ದಾಟಿ ಬಂದೆ. ಬಟ್ಟೆ ಕೊಡವಿ ಎದ್ದುಬಿಡಬಾರದೇ ಎಂದು ಕೇಳಿದೆ.

"ಕೊಡವಿದ್ರೆ ಮಣ್ಣಲ್ಲಿ ಹೋಗುತ್ತೆ, ಮಾಯಿ ಫಾರಾಯಿ. ನಾಳೆ ನಾಣ್ಯ ಕಾಣಲ್ಲ, ಅವಳೇ ತಗೊಂಡ್ಳು ಅಂತಾರೆ. ಕಳಿಸಿದೋರು ಬಂದು, ನೀವೆಲ್ಲ ನೋಡೋ ಹಾಗೆ ತಗೊಂಡು ಹೋಗ್ಲಿ. ಅಲ್ಲೀವರೆಗೂ ನಾನು ಏಳಲ್ಲ."

ಏಳಲಿಲ್ಲ. ಗೋಡೆಯ ನೆರಳು ಅವಳನ್ನು ಬಿಟ್ಟು ಸರಿದಾಗ ನಾವು ಹೆಂಗಸರು ಬಟ್ಟೆ ಕಟ್ಟಿ ನೆರಳು ಮಾಡಿದೆವು. ಒಬ್ಬಳು ಅವಳ ಒಲೆ ಹೊತ್ತಿಸಿದಳು. ಮಡಿಲಿಗೆ ತಗಲದಂತೆ ಎರಡು ಕೈಗಳನ್ನೂ ಪಕ್ಕದ ನೆಲಕ್ಕೆ ಊರಿಕೊಂಡಿದ್ದವಳಿಗೆ ನಾನು ಸಾದ್ಜಾದ, ಜೋಳದ ಹಿಟ್ಟಿನ ಮುದ್ದೆಯ, ತುತ್ತು ಉಂಡೆ ಮಾಡಿ ಬಾಯಿಗಿಟ್ಟೆ. ಕೂಸನ್ನು ಇನ್ನೊಬ್ಬಳು ಪಕ್ಕದಿಂದ ಎದೆಗೆ ಹಿಡಿದಳು. ತೇತೆಗೂ ಅದೇ ಪಾತ್ರೆಯಿಂದ ಬಡಿಸಿದೆವು, ಬಂದವರನ್ನು ಹಸಿದು ಕೂರಿಸುವ ಮಂದಿ ನಾವಲ್ಲ. ಬಡಿಸಿದವಳು ಮಾತ್ರ ಸುಮ್ಮನಿರಲಿಲ್ಲ: "ನಾಣ್ಯ ತಂದಿದ್ದು ಸರಿ ತೇತೆ, ಹಾಗೇ ಈ ಕೂಸಿಗೆ ಹಾಲೂ ತಂದಿದ್ರೆ ಚೆನ್ನಾಗಿತ್ತು."

ಸಂಜೆ ಬಾಬಾ ಶಿಂಗಾಯಿ ವ್ಯಾನಿನಿಂದಿಳಿದು ಬಂದಾಗ ಇಡೀ ಬೀದಿ ಅವನ ಬೇಲಿಗೆ ಒರಗಿ ನಿಂತಿತ್ತು. ಗದರಲು ಬಾಯಿ ತೆರೆದವನು ಚಾಪೆಯನ್ನು ಕಂಡ. ಬೆಳಗಿನಿಂದ ಏಳದವಳ ಕೆಳಗೆ ಚಾಪೆಯೂ ಅದರಾಚೆಯ ಮಣ್ಣೂ ಒದ್ದೆಯಾಗಿದ್ದವು. ಅವನು ಬಾಗಿ, ಅವಳ ಮಡಿಲಿನಿಂದ ನಾಣ್ಯವನ್ನು ಎತ್ತಿಕೊಂಡ. ಏಳು ಎಂದ, ತಗ್ಗಿದ ದನಿಯಲ್ಲಿ.

ಅವಳ ಉತ್ತರ ಅವತ್ತೂ ತಡವಾಗಿಯೇ ಬಂತು. "ಕಾಲು ಜೋಮು ಹಿಡಿದಿದೆ. ಎಬ್ಬಿಸಿ."

ಎಬ್ಬಿಸಿದ.

ಮುಂದೆ ಸುಖವಾಗಿದ್ದರೆಂದು ನಾನು ಬರೆಯಲಾರೆ. ಸಾಯುವವರೆಗೂ ಅವನು ಗೋಡೆಗೆ ಮುಖ ಮಾಡಿಯೇ ಉಂಡ. ಮಕ್ಕಳು ಮಾತ್ರ ಮಲತಾಯಿಯ ಕಣ್ಣಳತೆಯಲ್ಲಿ ಬೆಳೆಯಲಿಲ್ಲ. ತಾಯಿ ಬಡಿಸಿದ್ದನ್ನು ಉಂಡು, ಅವಳ ಬೈಗುಳ ಕೇಳಿಕೊಂಡು ದೊಡ್ಡವರಾದರು.

ಇಂಥ ಹೆಂಗಸರು ಬೀದಿಗೊಬ್ಬರಾದರೂ ಇರುತ್ತಾರೆ. ದಾಂಪತ್ಯವನ್ನು ಪ್ರೀತಿಯ ಮೇಲೆ ಕಟ್ಟಿಕೊಂಡವರು ಪ್ರೀತಿ ತೀರಿದ ದಿನ ಹೊರಟುಹೋಗಬಲ್ಲರು; ಮಕ್ಕಳು ಮಲಗುವ ಜಾಗದ ಮೇಲೆ ಕಟ್ಟಿಕೊಂಡವರಿಗೆ ಬಾಗಿಲು ತೆರೆದಿದ್ದರೂ ದಾರಿಯಿಲ್ಲ. ಅವರದನ್ನು ಸಹನೆಯೆಂದು ಕರೆದು ನಾವು ದೂರದಿಂದ ಗೌರವಿಸುತ್ತೇವೆ. ಆ ಸಹನೆ ಎಷ್ಟು ನಾಚಿಕೆಯನ್ನು ನುಂಗಿತೆಂಬುದನ್ನು ಅವತ್ತು ಅವರ ಬಟ್ಟೆ ಒಗೆದವರು ಬಲ್ಲರು.