ಹಬ್ಬದವರೆಗೆ ತೆರೆದ ಕಿಟಕಿ

"ಜಿನ್ನಿಗೆ ಬೇರೆಲ್ಲೂ ಕೆಲಸ ಸಿಗಲಿಲ್ವಂತಾ? ಹೋಗಿ ಹೋಗಿ ಹೊಲಿಗೆ ಕಾರ್ಖಾನೆಗೆ ಸೇರ್ಕೊಂಡಿದೆ. ಅಲ್ಲಿ ಸಂಬಳ ಹೆಂಗೆ ಅಂತ ಪಾಪ, ಯಾರೂ ಅದಕ್ಕೆ ಹೇಳಿಲ್ಲ ಅನ್ಸುತ್ತೆ."

ಬೂಶ್ತಾ ಮಾಮನ ದನಿ. ಫೋನನ್ನು ಕಿವಿಗೆ ಒತ್ತಿಕೊಂಡು ನಾನು ಕಾರ್ಖಾನೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಊಟದ ಬಿಡುವು. ತೊಡೆಯ ಮೇಲೆ ರೊಟ್ಟಿ, ರೊಟ್ಟಿಯೊಳಗೆ ಹುರಿದ ಬೂತಾಯಿ ಮೀನು.

ನಮ್ಮದೊಂದು ಫೋನಿನ ಗುಂಪು, ದನಿ ಸಂದೇಶ ಕಳಿಸಿಕೊಳ್ಳುವುದು. ಒಬ್ಬರ ಮುಖ ಒಬ್ಬರು ಕಂಡವರಲ್ಲ, ದನಿ ಮಾತ್ರ ಗೊತ್ತು. ದಿನಾ ಯಾರಾದರೂ ಒಂದು ವಿಚಿತ್ರ ಸುದ್ದಿ ಹಾಕುವುದು, ಉಳಿದವರು ಅದರ ಚರ್ಮ ಸುಲಿಯುವುದು. ದಿಬ್ಬಣ ತಪ್ಪು ಮನೆಗೆ ಹೊಕ್ಕು ಊಟ ಮುಗಿಸಿ ಬಂದದ್ದು, ಹೂಳಲು ಒಯ್ಯುತ್ತಿದ್ದ ಹೆಣ ಎದ್ದು ನೀರು ಕೇಳಿದ್ದು, ಇಂಥವು. ಬೂಶ್ತಾ ಮಾಮ ಉಜ್ದಾ ಊರಿನಲ್ಲಿ ಬಸ್ಸಿನ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟಿಲ್ಲದವರನ್ನು ನಗಿಸುತ್ತಲೇ ಕೆಳಗಿಳಿಸುತ್ತಿದ್ದರಂತೆ. ಅಂತರ್ಜಾಲದಲ್ಲಿ ಅವರದೇ ಒಂದು ಪುಟವೂ ಇದೆ. ಅಲ್ಲಿ ಸುದ್ದಿಗೆ ತಮ್ಮ ಮಾತು ಸೇರಿಸಿ ಹಾಕುತ್ತಾರೆ, ದೇಶಾಂತರದವರು ನೋಡುತ್ತಾರೆ. ಗಿಜ್ಲಾನ್ ಅಗಾದೀರಿನ ಔಷಧಿ ಅಂಗಡಿಯಲ್ಲಿರುವವಳು. ನನ್ನ ಗಂಡ ಬಿಟ್ಟುಹೋದ ವರ್ಷ ನನ್ನನ್ನು ಅಳಲು ಬಿಡದೆ ನಗಿಸಿದವರು ಇವರಿಬ್ಬರೇ. ಅದಕ್ಕೇ ಆವತ್ತು ನನಗೆ ಅಷ್ಟು ಸಿಟ್ಟು ಬಂತು. ಗುರುತಿಲ್ಲದವರು ನಕ್ಕಿದ್ದರೆ ಉಗಿದು ಸುಮ್ಮನಾಗುತ್ತಿದ್ದೆ.

ಆ ದಿನದ ಸುದ್ದಿ ಒಂದು ವಿಡಿಯೋ. ಟಾಂಜಿಯರಿನ ಹೊಲಿಗೆ ಕಾರ್ಖಾನೆಯಲ್ಲಿ ಹುಡುಗಿಯರು ಸಾಲು ಸಾಲಾಗಿ ಮೂರ್ಛೆ ಬೀಳುತ್ತಿದ್ದಾರೆ, ಜಿನ್ನು ಹೊಕ್ಕಿದೆ, ಅದನ್ನು ಬಿಡಿಸಲು ಮಾಲೀಕ ಮಸೀದಿಯ ಧರ್ಮಗುರು ಫಕೀಹರನ್ನು ಕರೆಸಿದ್ದಾನೆ. ಯಂತ್ರಗಳ ನಡುವೆ ಒಬ್ಬ ಮುದುಕಿ ನೆಲದ ಮೇಲೆ ಹೊರಳುತ್ತಾಳೆ. ಫಕೀಹ ಅಲ್ಲಾಲ್ ಕುರಾನ್ ಓದಿ, ನೀರು ಚಿಮುಕಿಸಿ, ಮಾಲೀಕನ ಕಡೆ ತಿರುಗಿ ಹೇಳುತ್ತಾರೆ: "ಇದು ಒಳಗೇ ಸಿಕ್ಕಿಕೊಂಡಿದೆ. ಕಿಟಕಿಗಳನ್ನೆಲ್ಲ ತೆಗೀರಿ. ಹಬ್ಬ ಮುಗಿಯೋವರೆಗೂ ಒಂದನ್ನೂ ಮುಚ್ಚಬೇಡಿ."

ತನ್ನ ದೈವಭಕ್ತಿ ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಎರಡು ವಾರದ ಹಿಂದೆ ಈ ವಿಡಿಯೋ ತೆಗೆದು ಹಂಚಿದವನು ನಮ್ಮ ಮೇಸ್ತ್ರಿ. ಹೊರಳಿದ ಮುದುಕಿ ನಮ್ಮ ಜೊತೆ ಹೊಲಿಯುವ ತಾಮೂ ಚಿಕ್ಕಮ್ಮ. ಅವಳ ಕಾಲು ಹಿಡಿದುಕೊಂಡವಳು ನಾನು. ನಾನು ಹೊಲಿಗೆಯವಳೆಂದು ಗುಂಪಿನವರಿಗೆ ಗೊತ್ತಿತ್ತು. ಯಾವ ಕಾರ್ಖಾನೆಯೆಂದು ಗೊತ್ತಿರಲಿಲ್ಲ.

ಬೂಶ್ತಾ ಮಾಮನ ದನಿ ಮುಂದುವರಿಯಿತು. "ಆ ಅಜ್ಜಿನ ನೋಡಿದ್ರಾ? ಹಿಟ್ಟು ನಾದಿದ ಹಾಗೆ ಹೊರಳ್ತಾಳೆ. ತಲೇಲಿ ಮಿದುಳಿರ್ಬೇಕಾದ ಕಡೆ ಹತ್ತಿ ತುಂಬ್ಕೊಂಡಿದಾರೆ ಇವರು. ಪುಟಕ್ಕೂ ಹಾಕ್ದೆ. ಬೆಳಿಗ್ಗೆಯಿಂದ ಜನ ಬಿದ್ದು ಬಿದ್ದು ನಗ್ತಿದಾರೆ."

"ಜಿನ್ನಿಗೆ ಬಾಗಿಲು ಆಗಲ್ವಾ ಮಾಮ, ಕಿಟಕಿನೇ ಬೇಕಾ?" ಎಂದಳು ಗಿಜ್ಲಾನ್. "ನಮ್ಮಂಗಡೀಲಿ ಇದಕ್ಕೆ ಮಾತ್ರೆ ಇದೆ ಅನ್ನಿ. ಊಟ ಆದ್ಮೇಲೆ ಒಂದು, ಬುದ್ಧಿ ಬರೋವರೆಗೂ."

ನಾನು ದನಿ ಕಳಿಸಿದೆ. "ಮಾಮ, ಅದನ್ನ ಪುಟದಿಂದ ತೆಗೀರಿ."

"ಯಾಕಮ್ಮಾ ಸಾದಿಯಾ?"

"ತೆಗೀರಿ ಅಂದ್ನಲ್ಲ."

"ನಿಂಗೂ ಮೆಟ್ಕೊಂಡಿದ್ಯೇನೇ ಅಕ್ಕ?" ಎಂದು ಗಿಜ್ಲಾನ್ ನಕ್ಕಳು.

ನನ್ನ ತಂಗಿ ಇಕ್ರಾಮ್ ಕೆಳಗಿನ ಮೆಟ್ಟಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಅವಳ ಮೇಜು ಕಲೆ ತೆಗೆಯುವ ಮೂಲೆಯಲ್ಲಿದೆ. ಅಲ್ಲಿ ಬಳಸುವ ಔಷಧಿಯನ್ನು ಬಟ್ಟೆಗೆ ಚಿಮುಕಿಸಿದರೆ ಎಣ್ಣೆಕಲೆ ಮಾಯ, ಚಿಮುಕಿಸಿದವಳ ಉಸಿರೂ ಮಾಯ. ಕಿಟಕಿ ತೆರೆದ ಈ ಎರಡು ವಾರ ಅವಳು ರಾತ್ರಿ ಮಲಗಿ ನಿದ್ದೆ ಮಾಡಿದ್ದಳು. ಅದಕ್ಕೆ ಮೊದಲು ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು.

ನಾನು ಎದ್ದು ನಿಂತೆ. ಕೂತು ಆಡುವ ಮಾತಾಗಿರಲಿಲ್ಲ ಅದು.

"ಕೇಳಿ ಇಬ್ರೂ. ಆ ಅಜ್ಜಿ ಕಾಲು ಹಿಡ್ಕೊಂಡು ಹಳದಿ ಬಟ್ಟೇಲಿ ಒಬ್ಳು ಕೂತಿದಾಳಲ್ಲ, ಅವಳು ನಾನು. ಹತ್ತಿ ತುಂಬಿದ ತಲೆ ನಂದೇ. ಜಿನ್ನೂ ಇಲ್ಲ, ಮಣ್ಣೂ ಇಲ್ಲ. ಹುಡುಗೀರು ಬಿದ್ದಿದ್ದು ಕಲೆ ತೆಗೆಯೋ ಔಷಧಿಗೆ, ಇಸ್ತ್ರಿ ಹಬೆಗೆ, ಮುಚ್ಚಿದ ಕೋಣೆಗೆ. ಆ ಔಷಧಿ ಮೂಲೇಲಿ ಕೂರೋಳು ನನ್ನ ತಂಗಿ ಇಕ್ರಾಮ್, ಉಬ್ಬಸದವಳು. ಕಿಟಕಿ ತೆಗೀರಿ ಅಂತ ಹೋದ ಚಳಿಗಾಲದಿಂದ ಕೇಳ್ತಿದೀವಿ. ಮಾಲೀಕ ಏನಂದ ಗೊತ್ತಾ? ಕಿಟಕಿ ತೆಗೆದ್ರೆ ಅಂಗಿ ಹೊರಗೆ ಎಸೀತೀರಿ, ಕಳ್ಳಿಯರು ಅಂದ. ಜೋರಾಗಿ ಕೇಳಿದ ಇಬ್ಬರನ್ನ ಮಾರನೇ ದಿನ ಮನೆಗೆ ಕಳಿಸ್ದ. ಆಮೇಲೆ ತಾಮೂ ಚಿಕ್ಕಮ್ಮ ಶುಕ್ರವಾರದ ಕುಸ್ಕುಸ್ ಊಟದ ತಟ್ಟೆ ತಗೊಂಡು ಮಸೀದಿಗೆ ಹೋದ್ಲು. ಫಕೀಹರೇ, ನಮ್ಮ ಮಾತು ಆ ಮನುಷ್ಯನ ಕಿವಿಗೆ ಹೋಗಲ್ಲ, ನೀವು ಹೇಳಿ ಅಂದ್ಲು. ಅವರು, ನಾನು ಸುಳ್ಳು ಹೇಳಲ್ಲಮ್ಮ ಅಂದ್ರು. ಇವಳು, ಸುಳ್ಳು ಯಾರು ಕೇಳಿದ್ರು, ಒಂದ್ಸಲ ಬಂದು ಉಸಿರಾಡಿ ನೋಡಿ ಸಾಕು ಅಂದ್ಲು. ಆಮೇಲೆ ಇವಳು ಹೊರಳಿದ್ಲು, ಮಾಲೀಕ ಹೆದರಿ ಅವರನ್ನೇ ಕರೆಸ್ದ, ಬಂದ್ರು. ಬಾಗಿಲಲ್ಲೇ ಕೆಮ್ಮಿದ್ರು. ಕಿಟಕಿ ತೆಗೆಸಿದ್ರು. ನೀವು ಯಾವ ಅಜ್ಜಿನ ಹಿಟ್ಟು ಅಂದ್ರೋ, ಆ ಅಜ್ಜಿ ಮಂಡಿನೋವು ಇಟ್ಕೊಂಡು ನಮಗೋಸ್ಕರ ನೆಲದ ಮೇಲೆ ಹೊರಳಿದಾಳೆ. ಜಿನ್ನು ಹಿಡಿದವಳನ್ನ ಕೆಲಸದಿಂದ ತೆಗೆಯೋಕೆ ಯಾವ ಮಾಲೀಕನಿಗೂ ಧೈರ್ಯ ಇಲ್ಲ, ತಿಳ್ಕೊಳ್ಳಿ. ನಗಿ ಈಗ."

ಬೂಶ್ತಾ ಮಾಮ ತಕ್ಷಣ ಬಂದರು. ಅವರ ದನಿಯಲ್ಲಿ ಸಂಭ್ರಮ.

"ಸಾದಿಯಾ, ಮಗಳೇ, ಇದು ಅದಕ್ಕಿಂತ ದೊಡ್ಡ ಸುದ್ದಿ ಕಣಮ್ಮ. ಅಜ್ಜಿ ಮಾಲೀಕನನ್ನೇ ಯಾಮಾರಿಸಿದ್ಲು. ಈಗ್ಲೇ ಹಾಕ್ತೀನಿ. ನಿಮ್ಮನ್ನ ಹೊಗಳಿ ಹಾಕ್ತೀನಿ. ಜನ ಚಪ್ಪಾಳೆ ತಟ್ತಾರೆ ನೋಡು."

ಗೇಲಿಯನ್ನಾದರೂ ತಡೆದುಕೊಳ್ಳಬಹುದು. ಈ ಚಪ್ಪಾಳೆ ನಮ್ಮ ಅನ್ನ ಕಿತ್ತುಕೊಳ್ಳುತ್ತಿತ್ತು.

"ಮಾಮ, ಹಾಕಿ ನೋಡಿ. ಸಂಜೆ ಹೊತ್ತಿಗೆ ನಾವೆಲ್ಲ ಬೀದೀಲಿರ್ತೀವಿ, ಮೊದಲು ತಾಮೂ ಚಿಕ್ಕಮ್ಮ. ಫಕೀಹರ ಮರ್ಯಾದೆನೂ ಹೋಗುತ್ತೆ. ನಿಮಗೆ ನಾವು ಮನುಷ್ಯರಾ, ಮಧ್ಯಾಹ್ನದ ಚಹಾದ ಜೊತೆ ನೆಂಚ್ಕೊಳ್ಳೋ ಆಲಿವ್ ಕಾಯಾ? ಹಿಂದೆ ನಕ್ಕಿದ್ದೆಲ್ಲ ಇಂಥವರನ್ನೇ ಇರ್ಬೇಕು. ಯಾರ ಮನೇಲಿ ಏನಾಗಿತ್ತೋ, ಒಬ್ಬರನ್ನಾದ್ರೂ ಕೇಳಿದ್ವಾ?"

ಗಿಜ್ಲಾನ್ ಮೊದಲು ಮಾತಾಡಿದಳು. ನಗೆ ಹೋಗಿತ್ತು. "ಅಕ್ಕ, ಆ ಔಷಧಿ ಡಬ್ಬದ ಫೋಟೋ ಕಳಿಸು. ನಮ್ಮ ಅಂಗಡಿ ಡಾಕ್ಟರಮ್ಮನಿಗೆ ತೋರಿಸ್ತೀನಿ. ಇಕ್ರಾಮನ್ನ ಆ ಮೂಲೆಯಿಂದ ಎಬ್ಬಿಸು, ಇವತ್ತೇ."

ಆಮೇಲೆ ಮಾಮ, ತಡವಾಗಿ, ತಗ್ಗಿದ ದನಿಯಲ್ಲಿ: "ತೆಗೆದೆ ಮಗಳೇ. ಹೊಸದು ಹಾಕಲ್ಲ. ಆದ್ರೆ ಅದು ಆಗಲೇ ಎಲ್ಲೆಲ್ಲೋ ಹೋಗಿದೆ. ಸ್ಪೇನಿನಿಂದ ಒಬ್ಬ ನನಗೇ ವಾಪಸ್ ಕಳಿಸಿದಾನೆ, ನೋಡು ನಿಮ್ಮ ದೇಶ ಅಂತ."

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಸಿಟ್ಟು ಇಳಿದಿರಲಿಲ್ಲ, ಆದರೆ ಅದು ಈ ಇಬ್ಬರ ಅಳತೆ ಮೀರಿ ಬೆಳೆದಿತ್ತು. ಉಜ್ದಾದ ಮುದುಕನನ್ನು ಬೈದು ತೀರುವಂಥದ್ದಲ್ಲ.

ಬಿಡುವು ಮುಗಿದು ಒಳಗೆ ಹೋದಾಗ ಮೇಸ್ತ್ರಿ ಕಿಟಕಿ ಮುಚ್ಚುತ್ತ ಬರುತ್ತಿದ್ದ. ಬೀದಿಯ ಕಡೆಯ ಸಾಲು ಆಗಲೇ ಮುಚ್ಚಿತ್ತು. ಮೂಡಣ ಗಾಳಿ ಹೊರಗೇ ನಿಂತುಬಿಟ್ಟಿತ್ತು.

"ಫಕೀಹರು ಹಬ್ಬದವರೆಗೂ ಅಂದಿದ್ರು," ಎಂದಳು ತಾಮೂ ಚಿಕ್ಕಮ್ಮ.

"ಫಕೀಹರು ಅಂಗಿ ಕೊಳ್ತಾರಾ?" ಎಂದ ಮೇಸ್ತ್ರಿ. "ಕೊಳ್ಳೋ ಸ್ಪೇನಿನವರು ವಿಡಿಯೋ ನೋಡಿ ಯಜಮಾನರಿಗೆ ಫೋನ್ ಮಾಡಿ ಕೇಳಿದ್ರಂತೆ, ನಿಮ್ಮಲ್ಲಿ ಹೊಲಿಯೋದು ಹೆಂಗಸರೋ ದೆವ್ವಗಳೋ ಅಂತ. ಜಿನ್ನು ಗಿನ್ನು ಅಂತ ಇನ್ನೊಬ್ರು ಬಿದ್ರೆ ಮನೆಗೇ ಹೋಗಿ ಬೀಳಿ. ಯಜಮಾನರ ಮಾತು."

ತಾಮೂ ಚಿಕ್ಕಮ್ಮ ಮಂಡಿ ಹಿಡಿದುಕೊಂಡು ಕೂತಳು. ಅವಳ ಕಣ್ಣು ನನ್ನ ಮೇಲೆ ಬಿತ್ತು. ಇನ್ನು ಹೊರಳಿ ಉಪಯೋಗವಿಲ್ಲ ಎಂಬಂತೆ. ಮೂಲೆಯಲ್ಲಿ ಇಕ್ರಾಮ್ ಆಗಲೇ ಸೆರಗಿನಂತೆ ತಲೆವಸ್ತ್ರವನ್ನು ಮೂಗಿಗೆ ಎಳೆದುಕೊಂಡಿದ್ದಳು. ಅವಳ ತಲೆಯ ಹತ್ತಿರದ ಕಿಟಕಿಗೆ ಮೇಸ್ತ್ರಿ ಕೈ ಹಾಕಿದ.

ನಾನು ನನ್ನ ಸ್ಟೂಲನ್ನು ಎತ್ತಿಕೊಂಡು ಹೋಗಿ ಅದರ ಎರಡು ಕಾಲುಗಳನ್ನು ಕಿಟಕಿಯ ಚೌಕಟ್ಟಿನ ಸಂದಿಗೆ ತುರುಕಿದೆ. ಅವನು ಎಳೆದ. ಕಿಟಕಿಯ ಕದ ಸ್ಟೂಲಿಗೆ ಬಡಿದು ನಿಂತಿತು.

"ಏನಿದು? ನಿಂಗೂ ಬಂತಾ ಮೈಮೇಲೆ?"

"ನನ್ನ ಮೈಮೇಲೆ ಯಾರೂ ಬಂದಿಲ್ಲ. ನಾನೇ ಇಟ್ಟಿದ್ದು. ನಿಮ್ಮ ಔಷಧಿ ನನ್ನ ತಂಗಿ ಉಸಿರು ಕಟ್ಟಿಸ್ತಿದೆ. ಈ ಕಿಟಕಿ ಮುಚ್ಚಲ್ಲ."

"ಹೆಸರು ಬರ್ಕೊಂಡು ಯಜಮಾನರಿಗೆ ಕೊಡ್ತೀನಿ."

"ಸಾದಿಯಾ. ನಿಮಗೆ ಗೊತ್ತಿರೋದೇ. ಕೊಡಿ."

ಯಂತ್ರಗಳು ಒಂದೊಂದಾಗಿ ನಿಂತವು. ಮೇಸ್ತ್ರಿ ಕೋಣೆಯ ಉದ್ದಕ್ಕೂ ಕಣ್ಣಾಡಿಸಿದ, ಯಾರಾದರೂ ನಗುತ್ತಾರೇನೋ ಎಂಬಂತೆ. ಯಾರೂ ನಗಲಿಲ್ಲ. ಗುಂಡಿ ಹೊಲಿಯುವ ಸಾಲಿನಲ್ಲಿ, ನಾನು ಈವರೆಗೆ ನಾಲ್ಕು ಮಾತೂ ಆಡಿರದ ಹುಡುಗಿಯೊಬ್ಬಳು ಎದ್ದಳು, ಮಡಿಲಿನ ದಾರದ ಚೂರುಗಳನ್ನು ಕೊಡವಿದಳು, ತನ್ನ ಸ್ಟೂಲನ್ನು ಎತ್ತಿಕೊಂಡು ಬೀದಿಯ ಕಡೆಯ ಮುಚ್ಚಿದ ಕಿಟಕಿಯನ್ನು ತೆರೆಯಲು ನಡೆದಳು.