ಉಣ್ಣೆ ಕತ್ತರಿ ಹಿಡಿದ ಜಂಬುಲಿಂಗಪ್ಪ ಮೇಷ್ಟ್ರು

ಜಂಬುಲಿಂಗಪ್ಪ ಮೇಷ್ಟ್ರನ್ನು ನೋಡಬೇಕಾದರೆ ಅವರು ತಪ್ಪು ಮಾಡುವಾಗಲೇ ನೋಡಬೇಕು. ತಳಕಿನ ಕಡೆಯ ನಮ್ಮ ಹೈಸ್ಕೂಲಿನ ಹೆಡ್ಮಾಷ್ಟ್ರು ಅವರು. ಬೋರ್ಡಿನ ಮೇಲೆ ಲೆಕ್ಕ ಎಲ್ಲೋ ಹಾದಿ ತಪ್ಪಿತೆಂದರೆ ಬೇರೆಯವರ ಹಾಗೆ ತಟಕ್ಕನೆ ಅಳಿಸದೆ, ಹಿಂದೆ ಸರಿದು, ಸೀಮೆಸುಣ್ಣದ ಧೂಳು ಮೆತ್ತಿದ ಬೂದುಬಣ್ಣದ ಕೋಟಿನ ಜೇಬಿಗೆ ಕೈ ಇಳಿಬಿಟ್ಟು, ಮನೆಗೆ ಬಂದ ನೆಂಟನನ್ನು ನೋಡುವಂತೆ ಅದನ್ನು ಪ್ರೀತಿಯಿಂದ ನೋಡುತ್ತ, "ಎಲ್ಲಿ ಜಾರೈತೆ, ಹೇಳ್ರಲೇ" ಎಂದು ನಗುತ್ತಿದ್ದರು.

ತೊಂಬತ್ತೇಳರಲ್ಲಿ ನನ್ನ ಜೊತೆ ಓದುತ್ತಿದ್ದ ಮೂಗಮ್ಮ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದಳು. ಇನ್ನು ಓದು ಸಾಕು, ಕುರಿ ಹಿಂದೆ ಹೋಗಲಿ ಎಂದುಬಿಟ್ಟ ಅವಳಪ್ಪ ಕ್ಯಾತಪ್ಪ. ಮೇಷ್ಟ್ರು ನಮ್ಮನ್ನು ಬೆನ್ನಿಗೆ ಕಟ್ಟಿಕೊಂಡು ಅವರ ಹಟ್ಟಿಗೆ ಹೋದಾಗ ಅವನು ಉಣ್ಣೆ ಕತ್ತರಿಸುತ್ತಿದ್ದ.

"ಲೆಕ್ಕ ಅನ್ನೋದು ಅವಳ ಹಣೇಲಿ ಬರ್ದಿಲ್ಲ ಬಿಡ್ರಿ ಸಾ. ಅಕ್ಟೋಬರ್‌ನಾಗೆ ಕಟ್ಟಿದ್ರೂ ಅಷ್ಟೇಯ."

ಬೇಸಿಗೆಯಲ್ಲೂ ಕೋಟು ಬಿಚ್ಚದ ಮೇಷ್ಟ್ರು ಅವತ್ತು ಅದನ್ನು ಕಳಚಿ ಮೂಗಮ್ಮನ ಕೈಗಿತ್ತು, ಕತ್ತರಿ ಇಸಿದುಕೊಂಡು, ಕಾಲು ಕಟ್ಟಿ ಮಲಗಿಸಿದ್ದ ಕುರಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಕಡೆ ಬೋಳು, ಒಂದು ಕಡೆ ಕುಚ್ಚು, ನಡುವೆ ಮೆಟ್ಟಿಲು ಮೆಟ್ಟಿಲು. ಕಟ್ಟು ಬಿಚ್ಚಿದಾಗ ಆ ಕುರಿ ಮಂದೆಗೆ ಸೇರಲು ಹೋದರೆ ಮಂದೆಯೇ ದೂರ ಸರಿಯಿತು!

"ಏನ್ರೀ ಮೇಷ್ಟ್ರೆ, ಇಲಿ ಕಡ್ದ ಕಂಬ್ಳಿ ಆಗೈತಲ್ರೀ ನಮ್ ಕುರಿ!" ಎಂದಳು ಕ್ಯಾತಪ್ಪನ ಹೆಂಡತಿ ದುರುಗಕ್ಕ. ಹಟ್ಟಿಗೆ ಹಟ್ಟಿಯೇ ಬಿದ್ದು ಬಿದ್ದು ನಕ್ಕಿತು.

ಮೇಷ್ಟ್ರ ಮುಖ ಪೆಚ್ಚಾದದ್ದು ನೋಡಿ ಕ್ಯಾತಪ್ಪನಿಗೇ ಪಾಪ ಅನ್ನಿಸಿತು. "ಇರ್ಲಿ ಬಿಡ್ರಿ ಸಾ, ಮೊದಲ್ನೇ ಕುರಿ ಯಾರಿಗೂ ಹಿಂಗೇಯ. ಇನ್ನೊಂದ ಹಿಡೀರಿ, ಕೈ ತಾನೇ ಕುದುರ್ತೈತೆ."

"ನಂಗೆ ಇನ್ನೊಂದು ಕುರಿ ಕೊಡ್ತೀಯ, ಮಗಳಿಗೆ ಇನ್ನೊಂದು ಪರೀಕ್ಷೆ ಕೊಡಲ್ವೇನಪ್ಪ?"

ಕ್ಯಾತಪ್ಪ ಕುರಿಯ ಕಡೆ ನೋಡಿದ, ಮಗಳ ಕಡೆ ನೋಡಿದ, ತಲೆ ಕೆರೆದುಕೊಂಡ. "ಕಟ್ಸಿಬಿಡ್ರಿ ಅತ್ಲಾಗೆ." ಮೇಷ್ಟ್ರು ಕತ್ತರಿ ಕೆಳಗಿಡದೆ ಇನ್ನೊಂದು ಕುರಿ ಹಿಡಿದರು.

ಅಕ್ಟೋಬರಿನಲ್ಲೂ ಅವಳು ಫೇಲಾದಳು. ಎಲ್ಲ ಮುಗಿಯಿತೆಂದು ಮೇಷ್ಟ್ರು ಗಾಬರಿಯಿಂದ ಹಟ್ಟಿಗೆ ಓಡಿದರೆ, ಕ್ಯಾತಪ್ಪನೇ ಮಗಳ ತಲೆ ಸವರುತ್ತ ಕೂತಿದ್ದ: "ಅಳಬ್ಯಾಡ ಕಣವ್ವ, ಮೇಷ್ಟ್ರ ಎರಡ್ನೇ ಕುರೀನೂ ಹಂಗೇ ಇತ್ತು. ಏಪ್ರಿಲ್‌ಗೆ ಕೂತ್ಕ." ಏಪ್ರಿಲ್‌ನಲ್ಲಿ ಅವಳು ಪಾಸಾದಳು.

ಕಲಿಸುವವರು ಲೋಕದಲ್ಲಿ ಬೇಕಾದಷ್ಟು ಜನ; ತಾವು ಕಲಿಯುವಾಗಿನ ಪೇಚಾಟವನ್ನು ಹತ್ತು ಜನರೆದುರು ಹರಡಿ ಕೂರುವವರು ಅಪರೂಪ. ಅಂಥವರಿದ್ದ ಊರಲ್ಲಿ ಸೋತವರು ಮುಖ ಮುಚ್ಚಿಕೊಂಡು ಓಡಾಡುವುದಿಲ್ಲ. ಮೇಷ್ಟ್ರು ಈಗ ರಿಟೈರಾಗಿ ಮೊಳಕಾಲ್ಮೂರಿನಲ್ಲಿದ್ದಾರೆ. ನೇಕಾರರ ಬೀದಿಯಲ್ಲಿ ನೇಯ್ಗೆ ಕಲಿಯಲು ಮಗ್ಗಕ್ಕೆ ಕೂತು ದಿನವೂ ಎಳೆ ಹರಿಯುತ್ತಿದ್ದಾರಂತೆ. ಒಮ್ಮೆ ಹೋಗಿ ಕಂಡುಬನ್ನಿ. ನಿಮಗೆ ಬಾರದ ಕೆಲಸ ಯಾವುದೆಂದು ಮೊದಲೇ ಯೋಚಿಸಿಟ್ಟುಕೊಳ್ಳಿ, ಬಾಗಿಲಲ್ಲೇ ಕೇಳುತ್ತಾರೆ.