ಐದನೇ ಅಧ್ಯಾಯದಿಂದಾಚೆ

ಮೊಳೆಯ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ. ಹನ್ನೊಂದು ವರ್ಷ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಕೆಲಸ ಮಾಡಿದವರು ನಾವು. ಅವನ ಅಪ್ಪ ಹಳೆಯ ಕಾಲದ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು, ಮಗನೋ ಕಡ್ಡಿಪೈಲ್ವಾನ. ಹಾಗಾಗಿ ಪ್ರೆಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅವನು ಮೊಳೆಯೇ. ನಮ್ಮ ಮನೆಯಲ್ಲಿ ಅವನಿಗೆಂದೇ ಒಂದು ತಟ್ಟೆ ಇತ್ತು. ನನ್ನ ತಂಗಿ ಅವನನ್ನು ಮೊಳೆಯಣ್ಣ ಅನ್ನುತ್ತಿದ್ದಳು. ಇಂಥವನು ಕೈ ಕೊಡುತ್ತಾನೆ ಎಂದು ಯಾರಾದರೂ ಹೇಳಿದ್ದರೆ ಅವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ನಮ್ಮದು ಗಣಿತದ ಪುಸ್ತಕಗಳ ಪ್ರೆಸ್ಸು. ಈಗೀಗ ಕಾಗದಕ್ಕಿಂತ ವೆಬ್ ಪುಟಗಳ ಕೆಲಸವೇ ಜಾಸ್ತಿ. ಮೇಷ್ಟ್ರುಗಳು ಬರೆದುಕೊಟ್ಟ ಕಡತವನ್ನು ನಾವು ವೆಬ್ ಪುಟವಾಗಿ ಬದಲಾಯಿಸಿ ಕೊಡಬೇಕು. ಬರಹದ ಸಾಲುಗಳದ್ದೇನೂ ತಕರಾರಿಲ್ಲ, ಪ್ರಾಣ ತಿನ್ನುವುದು ಸಮೀಕರಣಗಳು. ಅದಕ್ಕಿಂತ ದೊಡ್ಡ ತಲೆನೋವು ಸಮೀಕರಣಗಳ ಉಲ್ಲೇಖ. ‘(2.17)ರ ಪ್ರಕಾರ’ ಎಂದು ಐವತ್ತು ಪುಟ ದಾಟಿದ ಮೇಲೆ ಬರೆದಿರುತ್ತಾರೆ. ಆ ಸಂಖ್ಯೆಯನ್ನು ಒತ್ತಿದರೆ ನೆಟ್ಟಗೆ ಆ ಸಮೀಕರಣದ ಮುಂದೆ ಹೋಗಿ ನಿಲ್ಲಬೇಕು, ನೋಡಿಕೊಂಡು ಓದುತ್ತಿದ್ದ ಜಾಗಕ್ಕೇ ವಾಪಸು ಬರುವಂತಿರಬೇಕು. ಅದಕ್ಕೇ ನಮ್ಮಲ್ಲೊಂದು ಪದ್ಧತಿ: ಒಬ್ಬ ಪುಟ ಮಾಡಿದರೆ ಇನ್ನೊಬ್ಬ ಕೂತು ಪ್ರತಿಯೊಂದು ಕೊಂಡಿಯನ್ನೂ ಒತ್ತಿ ನೋಡಿ, ಪಟ್ಟಿಯಲ್ಲಿ ಪೆನ್ಸಿಲಿನಿಂದ ಟಿಕ್ ಹಾಕಬೇಕು. ನಾನು ಮಾಡಿದ್ದಕ್ಕೆ ಮೊಳೆಯ ಟಿಕ್, ಅವನು ಮಾಡಿದ್ದಕ್ಕೆ ನನ್ನದು.

ತಂಗಿಗೆ ಎರಡು ವರ್ಷದ ಹಿಂದೆ ಕಣ್ಣು ಹೋಯಿತು. ಕಣ್ಣಿನ ನರದ ಕಾಯಿಲೆ, ಆರೇ ತಿಂಗಳಲ್ಲಿ ಎಲ್ಲ ಮುಗಿಯಿತು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ್ದವಳು. ಆ ಸೀಟು ಉಳಿಯಬೇಕಾದರೆ, ಪಾಠದ ಟಿಪ್ಪಣಿಯನ್ನು ಎದುರಿಗಿಟ್ಟುಕೊಂಡೇ ಬರೆಯುವ ಒಂದು ಅರ್ಹತಾ ಪರೀಕ್ಷೆ ಪಾಸಾಗಬೇಕಿತ್ತು, ಅದಕ್ಕೆ ಎರಡೇ ಅವಕಾಶ. ಮೊದಲನೆಯದರಲ್ಲಿ ಅವಳಿಗೆ ಟಿಪ್ಪಣಿ ಓದಿ ಹೇಳಲು ಕೂರಿಸಿದ್ದ ಪುಣ್ಯಾತ್ಮನಿಗೆ ಘಾತ ಯಾವುದು, ಅಡಿಯ ಅಂಕೆ ಯಾವುದು ಎಂಬುದೇ ಗೊತ್ತಿರಲಿಲ್ಲ. ಅವಳು ನಪಾಸಾದಳು. ಎರಡನೇ ಸಲಕ್ಕೆ ವಿಭಾಗದವರು ಒಪ್ಪಿದರು: ಟಿಪ್ಪಣಿಯನ್ನು ಅವಳದೇ ಕಂಪ್ಯೂಟರಿನಲ್ಲಿ ತರಬಹುದು, ಯಂತ್ರದ ದನಿ ಕಿವಿಯಲ್ಲಿ ಓದಿ ಹೇಳಿದ್ದನ್ನು ಕೇಳಿಕೊಂಡು ಉತ್ತರ ಬರೆಯಬಹುದು.

ಟಿಪ್ಪಣಿ ಒಂಬತ್ತು ಅಧ್ಯಾಯ. ಬರೆದ ಮೇಷ್ಟ್ರು ಸಮೀಕರಣಗಳ ಸಂಖ್ಯೆಯನ್ನೆಲ್ಲ ಕೈಯಿಂದಲೇ ಹಾಕಿದ್ದರು. (4.9) ಎರಡು ಇದ್ದವು, (4.10) ಇರಲೇ ಇಲ್ಲ. ಆ ಮಹಾನುಭಾವರ ಲೆಕ್ಕ ಅವರಿಗೇ ಪ್ರೀತಿ. ಕೆಲಸ ನೋಡಿ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಅರ್ಧ ನಾನು ಮಾಡ್ತೀನಿ ಕಣೋ, ಅವಳು ನನಗೂ ತಂಗಿಯಲ್ಲವಾ ಎಂದು ಮೊಳೆ ತಾನಾಗಿಯೇ ಮುಂದೆ ಬಂದ. ನನ್ನ ಕಣ್ಣಲ್ಲಿ ನೀರು ಬಂದಿದ್ದು ನಿಜ. ಮೊದಲ ನಾಲ್ಕು ನನಗೆ, ಐದರಿಂದ ಒಂಬತ್ತು ಅವನಿಗೆ ಎಂದಾಯಿತು.

ನನ್ನ ನಾಲ್ಕನ್ನು ತಂಗಿಯ ಪಕ್ಕದಲ್ಲಿ ಕೂತೇ ಮಾಡಿದೆ. ಸಮೀಕರಣದ ಒಂದೊಂದು ಚಿಹ್ನೆಯೂ ಪುಟದಲ್ಲಿ ಅಕ್ಷರವಾಗಿಯೇ ಇರಬೇಕು, ಆಗಷ್ಟೇ ಯಂತ್ರ ಅದನ್ನು ಓದೀತು. ಆವರಣ ಎಲ್ಲಿ ಮುಚ್ಚಿತೆಂದು ಕೇಳಿಸುತ್ತಿಲ್ಲ, ಇಲ್ಲಿ ಭಾಗಾಕಾರ ಎಲ್ಲಿಯವರೆಗೆ, ಎಂದು ಅವಳು ಹೆಜ್ಜೆ ಹೆಜ್ಜೆಗೂ ತಪ್ಪು ಹಿಡಿಯುತ್ತಿದ್ದಳು. ನಾನು ರೇಗುತ್ತಿದ್ದೆ, ಅವಳು ನಗುತ್ತಿದ್ದಳು. ಕೊಂಡಿ ಒತ್ತಿ (2.17)ಕ್ಕೆ ಹೋಗಿ ಬಂದ ದಿನವಂತೂ, ಪುಟಗಳ ಮಧ್ಯೆ ಬೆರಳಿಟ್ಟುಕೊಂಡು ಓದುತ್ತಿದ್ದ ಸುಖ ಮತ್ತೆ ಸಿಕ್ಕಿತು ಎಂದು ಅಮ್ಮನನ್ನು ಕರೆದು ಹೇಳಿದಳು.

ಮೊಳೆ ತನ್ನ ಭಾಗವನ್ನು ತಂದುಕೊಟ್ಟದ್ದು ಪರೀಕ್ಷೆಗೆ ಮೂರು ದಿನ ಇರುವಾಗ. ಪ್ರೆಸ್ಸಿನಲ್ಲಿ ಕೂತು ಮುನ್ನೂರ ಹದಿನೆಂಟು ಕೊಂಡಿಗಳನ್ನೂ ಒತ್ತಿದೆ. ಒಂದೂ ತಪ್ಪಿರಲಿಲ್ಲ, ಮುನ್ನೂರ ಹದಿನೆಂಟಕ್ಕೂ ಟಿಕ್ ಹಾಕಿದೆ. ಏಳನೇ ಅಧ್ಯಾಯದಲ್ಲಿ ಸಮೀಕರಣದ ಅಕ್ಷರಗಳು ಕೊಂಚ ಮಬ್ಬಾಗಿ ಕಂಡವು. ಬೇರೆ ಫಾಂಟ್ ಇರಬೇಕು ಅಂದುಕೊಂಡು ಮುಂದೆ ಹೋದೆ. ಮನೆಗೆ ಬಂದು ಹೇಳಿದಾಗ ತಂಗಿ, ನಾನೂ ಒಂದು ಸಲ ಕೇಳಿಸಿಕೊಳ್ಳುತ್ತೇನೆ, ಈಗಲೇ ನನ್ನ ಕಂಪ್ಯೂಟರಿಗೆ ಹಾಕಿಕೊಡು ಅಂದಳು. ಇರುವ ಮೂರು ದಿನವನ್ನು ಅದಕ್ಕೆ ಹಾಳು ಮಾಡಬೇಡ, ಐದರಿಂದಾಚೆಯದು ನಿನಗೆ ಕಣ್ಣಿರುವಾಗಲೇ ಓದಿದ ಪಾಠ, ಮೊದಲಿನ ನಾಲ್ಕೇ ನಿನಗೆ ಕಷ್ಟ, ಅದನ್ನೇ ತಿರುವಿಹಾಕು ಅಂದೆ. ಎರಡನೇ ಸಲ ಕೇಳಿದಾಗ ಗದರಿಸಿದೆ. ಮುನ್ನೂರ ಹದಿನೆಂಟನ್ನೂ ನಾನೇ ನೋಡಿದ್ದೇನೆ ಎಂದ ಮೇಲೆ ಅವಳು ಮೊದಲನೇ ಅಧ್ಯಾಯಕ್ಕೆ ವಾಪಸು ಹೋದಳು.

ಪರೀಕ್ಷೆಯ ದಿನ ಬೆಳಿಗ್ಗೆ ಮೊಳೆಯ ಭಾಗವನ್ನೂ ಅವಳ ಕಂಪ್ಯೂಟರಿಗೆ ಹಾಕಿಕೊಟ್ಟು, ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದೆ. ಇನ್ನೂ ಒಂದು ಗಂಟೆ ಬಾಕಿ ಇರುವಾಗಲೇ ತಂಗಿ ಕೋಲು ತಟ್ಟಿಕೊಂಡು ಹೊರಗೆ ಬಂದಳು. ಎಷ್ಟು ಬರೆದೆ ಎಂದು ಕೇಳಿದ್ದಕ್ಕೆ, ಮೊದಲಿನ ಎರಡು ಪ್ರಶ್ನೆ ಅಂದಳು. ಮಿಕ್ಕ ಮೂರಕ್ಕೂ ಐದನೇ ಅಧ್ಯಾಯದಿಂದಾಚೆಯ ಸಮೀಕರಣಗಳು ಬೇಕಿದ್ದವು.

“ಕೊಂಡಿ ಒತ್ತಿದ್ರೆ ಸರಿಯಾದ ಜಾಗಕ್ಕೇ ಹೋಗುತ್ತೆ ಅಣ್ಣ,” ಅಂದಳು. “ಹೋಗಿ ‘ಚಿತ್ರ’ ಅನ್ನುತ್ತೆ. ಇನ್ನೊಂದು ಒತ್ತಿದೆ. ‘ಚಿತ್ರ.’ ಎಲ್ಲಾ ಚಿತ್ರ.”

ಬಸ್ಸು ಸರಿಯಾದ ನಿಲ್ದಾಣಕ್ಕೇ ಹೋಗಿ ನಿಂತು, ಬಾಗಿಲು ಮಾತ್ರ ತೆಗೆಯದಿದ್ದ ಹಾಗೆ. ಐದರಿಂದಾಚೆ ಮೊಳೆ ಒಂದೇ ಒಂದು ಸಮೀಕರಣವನ್ನೂ ಅಕ್ಷರವಾಗಿ ಇಟ್ಟಿರಲಿಲ್ಲ. ಎಲ್ಲದರ ಫೋಟೋ ತೆಗೆದು ಅಂಟಿಸಿದ್ದ. ಕಣ್ಣಿದ್ದವನಿಗೆ ಅದು ಸಮೀಕರಣ, ಅವಳ ಕಿವಿಗೆ ಬರೀ ಗೋಡೆ.

ಅವಳನ್ನು ಮನೆಗೆ ಬಿಟ್ಟು ನೇರ ಪ್ರೆಸ್ಸಿಗೆ ಹೋದೆ. ಮೊಳೆ ಊಟದ ಡಬ್ಬಿ ತೊಳೆಯುತ್ತಿದ್ದ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಮೇಷ್ಟ್ರು ತಾವೇ ಹುಟ್ಟಿಸಿಕೊಂಡ ಚಿಹ್ನೆಗಳಿಂದಾಗಿ ಐದನೇ ಅಧ್ಯಾಯದಿಂದಾಚೆ ಯಾವುದೂ ಪರಿವರ್ತನೆಯೇ ಆಗಲಿಲ್ಲವಂತೆ. ಒಂದೊಂದನ್ನೂ ಕೈಯಿಂದ ಬರೆಯಲು ದಿನ ಸಾಲಲಿಲ್ಲವಂತೆ. ಆಗಲೇ ಬಾಯಿ ಬಿಡುವುದಕ್ಕೆ ನಿನಗೇನು ರೋಗ ಬಂದಿತ್ತು ಎಂದು ಅವನ ಕಾಲರ್ ಹಿಡಿದೆ.

“ಹೇಳಿದ್ರೆ ನೀನು ಎಗರಾಡ್ತೀಯ ಅಂತ ಹೆದರಿಕೆ ಆಯ್ತು,” ಅಂದ. “ನೀನು ಕೊಂಡಿ ಮಾತ್ರ ನೋಡೋದು ಅಂತ ಗೊತ್ತಿತ್ತು. ಅದಕ್ಕೇ ಕೊಂಡಿಗಳಲ್ಲಿ ಒಂದೂ ತಪ್ಪದ ಹಾಗೆ ನೋಡ್ಕೊಂಡೆ.”

ಕೆಲಸ ಆಗಲಿಲ್ಲ ಎಂದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಇವನು ನನ್ನ ಪೆನ್ಸಿಲಿನ ಟಿಕ್ ಗಿಟ್ಟಿಸುವುದಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿದ್ದ. ಹನ್ನೊಂದು ವರ್ಷ ನನ್ನ ಎದುರು ಕೂತು ಕಲಿತಿದ್ದು ನನ್ನ ಕಣ್ಣಿಗೆ ಮಣ್ಣೆರಚುವುದು ಹೇಗೆ ಎಂಬುದನ್ನು. ಅವನಿಗೆ ಹೊಡೆಯಲಿಲ್ಲ, ಯಾಕೆ ಹೊಡೆಯಲಿಲ್ಲವೋ ನನಗೇ ತಿಳಿಯದು.

ಎರಡು ವಾರಕ್ಕೆ ಫಲಿತಾಂಶ ಬಂತು. ಸೀಟು ಹೋಯಿತು. ಸಂಜೆ ಮನೆಯಲ್ಲಿ ಅಮ್ಮನ ಮುಂದೆ ಮೊಳೆಯ ಏಳು ತಲೆಮಾರನ್ನೂ ಜಾಲಾಡಿದೆ. ಉಂಡ ಮನೆಗೆ ಎರಡು ಬಗೆದ, ನಂಬಿಸಿ ಕತ್ತು ಕೊಯ್ದ, ಇನ್ನೂ ಏನೇನೋ. ತಂಗಿ ತನ್ನ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಬಾಯಿ ತೆರೆದಳು.

“ಮೊಳೆಯಣ್ಣ ಮೋಸ ಮಾಡಿದ್ದು ನಿನಗೆ,” ಅಂದಳು. “ನಾನು ಅವನನ್ನ ನಂಬಿರಲಿಲ್ಲ ಅಣ್ಣ. ಎರಡು ಸಲ ಕೇಳ್ದೆ, ನನ್ನ ಕಂಪ್ಯೂಟರಿಗೆ ಹಾಕ್ಕೊಡು ಅಂತ. ನಾನು ನಂಬಿದ್ದು ನಿನ್ನನ್ನ.”

ಅಮ್ಮ ಒಳಗೆ ಎದ್ದು ಹೋದರು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

ಬೇರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತೇನೆ, ಅಲ್ಲಿಯೂ ಇದೇ ಪಾಠವಂತೆ, ಟಿಪ್ಪಣಿಯ ಮೂಲ ಕಡತವನ್ನು ನನಗೆ ಹಾಕಿಕೊಡು ಎಂದು ಕೇಳಿದಳು. ಅದರಲ್ಲಿ ಸಮೀಕರಣಗಳೆಲ್ಲ ಮೇಷ್ಟ್ರ ಸಂಕೇತಾಕ್ಷರಗಳಲ್ಲೇ ಇದ್ದವು; ಐದನೇ ಅಧ್ಯಾಯದಿಂದ ಅವನ್ನು ತಾನೇ ಒಂದೊಂದಾಗಿ ಕೇಳಿಕೊಂಡು ಬರೆಯುತ್ತಾಳಂತೆ. ವರ್ಷ ಹಿಡಿದರೂ ಸರಿಯಂತೆ. ನಾನು ಕಡತವನ್ನು ಅವಳ ಕಂಪ್ಯೂಟರಿಗೆ ಹಾಕಿದೆ. ಆಮೇಲೆ ಮೆಲ್ಲಗೆ, ನೀನು ಮಾಡಿ ಮುಗಿಸಿದ ಮೇಲೆ ನಾನು ಒಂದು ಸಲ ನೋಡುತ್ತೇನೆ ಅಂದೆ.

“ಬೇಡ,” ಅಂದಳು. “ನೀನು ನೋಡೋದು ಬೇಡ.”

ಹೆಡ್‌ಫೋನ್ ಹಾಕಿಕೊಂಡು ಕೈಗಳನ್ನು ಕೀಲಿಮಣೆಯ ಮೇಲಿಟ್ಟು ಕೂತಳು. ನಾನು ಕೋಣೆಯಿಂದ ಹೊರಗೆ ಬರುವವರೆಗೂ ಅವಳು ಒಂದು ಕೀಲಿಯನ್ನೂ ಒತ್ತಲಿಲ್ಲ.